ಮಾರಿಗಿ ಈಬತ್ತಿ ಬಡ್ಕೊಂಡೀ ಏನು?

ಕಲಬುರಗಿ ಕಡೆಯವರಿಗೆ ಬಿಸಿಲಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ಅಂದ್ರೆ ನಮಗೆ ಸುದ್ದಿಯೇ ಅಲ್ಲ. ಆದರೂ ಸನ್‌ಸ್ಕ್ರೀನ್ ಇನ್ನೂ ‘ಪ್ಯಾಟಿ ಹುಡುಗ್ಯಾರ’ ಸಾಮಾನಾಗಿಯೇ ಉಳಿದಿದೆ. ಅರ್ಧ ಕಾರಣ ಅದರ ಬಿಳಿ ಲೇಪ. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಹೆಚ್ಚಿರುವ ಕ್ರೀಮು ನಮ್ಮಂಥ ಕಂದು ಮುಖದ ಮೇಲೆ ಬೂದಿಯಂತೆ ಕೂಡುತ್ತದೆ. ಅಂಥದ್ದನ್ನು ಹಚ್ಚಿಕೊಂಡು ಮಟಕಿಗೆ ಹೋದ ದಿನ ಅವ್ವ ಕೇಳಿದ್ದೇ ಮೇಲಿನ ಪ್ರಶ್ನೆ.

ಕೊರಿಯಾದ ಕ್ರೀಮುಗಳು ನಮ್ಮ ವಯಸ್ಸಿನವರಿಗೆ ಹಿಡಿಸಿದ್ದು ಕೆ-ಡ್ರಾಮಾದಿಂದಷ್ಟೇ ಅಲ್ಲ. ಅವುಗಳಲ್ಲಿ ಬಹಳಷ್ಟು ತೆಳ್ಳಗಿರುತ್ತವೆ, ಬಿಳಿ ಉಳಿಯುವುದಿಲ್ಲ. ನಾನು ಬಳಸುವುದು ಅಕ್ಕಿಯ ಸಾರವಿರುವ ಬ್ಯೂಟಿ ಆಫ್ ಜೋಸನ್: ಎಸ್‌ಪಿಎಫ್ 50+, ಪಿಎ++++. ಎಸ್‌ಪಿಎಫ್ ಮುಖ್ಯವಾಗಿ ಚರ್ಮ ಸುಡುವ ಯುವಿಬಿ ಕಿರಣಕ್ಕೆ. ಪಿಎ ಮುಂದಿನ ಪ್ಲಸ್‌ಗಳು ಯುವಿಎಗೆ. ಚರ್ಮ ಕಪ್ಪಾಗಿಸಿ ಸುಕ್ಕು ತರುವ ಈ ಯುವಿಎ ಕಿಟಕಿ ಗಾಜನ್ನೂ ದಾಟಿ ಬರುತ್ತದೆ. ಆಳಂದ ಬಸ್ಸಿನಲ್ಲಿ ಕಿಟಕಿ ಸೀಟಿಗೆ ಹೊಡೆದಾಡುವವರು ನೆನಪಿಡಿ.

ಕೊರಿಯಾದ್ದೆಂದು ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. 2020ರಲ್ಲಿ ಪ್ಯೂರಿಟೊ ಕಂಪನಿಯ ಹೆಸರುವಾಸಿ ಸನ್‌ಸ್ಕ್ರೀನೊಂದನ್ನು ಯುರೋಪಿನಲ್ಲಿ ಪರೀಕ್ಷೆ ಮಾಡಿಸಿದಾಗ, 50+ ಎಂದು ಬರೆದಿದ್ದ ಕಡೆ ಸಿಕ್ಕಿದ್ದು ಸುಮಾರು 19. ಇನ್ನೊಂದು, ಅವರಿಗೆ ಪ್ರೀತಿಯ ಆ ‘ಗ್ಲೋ’ ನಮ್ಮ ಧೂಳಿಗೆ ಆಗಿಬರದು. ಮುಖ ಮಿಂಚಿದಷ್ಟೂ ಮಣ್ಣು ಅಂಟುತ್ತದೆ. ಎಣ್ಣೆ ಚರ್ಮದವರು ಜೆಲ್ ಥರದ್ದು ನೋಡಿ. ಬೆವರಿನೊಂದಿಗೆ ಇಳಿದು ಕಣ್ಣು ಉರಿಸಿದರೆ ಎಷ್ಟು ದುಬಾರಿಯದಾದರೂ ಬೇಡ. ಉರಿಯುವುದನ್ನು ಯಾರೂ ದಿನಾ ಹಚ್ಚುವುದಿಲ್ಲ.

ಹಚ್ಚುವ ಅಳತೆ ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುದ್ದ. ಬಟಾಣಿಯಷ್ಟು ಒರೆಸಿಕೊಂಡರೆ ಡಬ್ಬಿಯ ಮೇಲಿನ 50 ಮುಖಕ್ಕೆ ಸಿಗುವುದಿಲ್ಲ. ಹೊರಗೇ ಇದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು.

ಹೊರಗೇ ಇರುವವಳು ಅವ್ವ. ನಾನು ಎಸಿ ಆಫೀಸಿನಲ್ಲಿ ಕೂತು ಪ್ಲಸ್ ಎಣಿಸುತ್ತೇನೆ, ಅವಳು ತೊಗರಿ ರಾಶಿ ಮುಗಿಯುವವರೆಗೂ ಹೊಲದಲ್ಲಿ. ಎರಡೂ ಕೆನ್ನೆಯ ಮೇಲೆ ಬಂಗು. ಹೋದ ಸಲ ನಾನೇ ಕೂರಿಸಿ ಹಚ್ಚಿದೆ. ಕನ್ನಡಿ ನೋಡಿ, ‘ಹಚ್ಚಿದ್ದೇ ಗೊತ್ತಾಗವಲ್ದು, ರೊಕ್ಕ ದಂಡ’ ಅಂದಳು. ಅದೇ ಅದರ ಗುಣ ಅಂತ ಒಪ್ಪಿಸಲು ಒಂದು ಕಪ್ ಚಹಾ ಹಿಡಿಯಿತು.

ಬಂಗಿಗೆ ಮಾತ್ರ ಇಂಥ ಪಾರದರ್ಶಕ ಕ್ರೀಮೊಂದೇ ಸಾಲದು, ಕಣ್ಣಿಗೆ ಕಾಣುವ ಬೆಳಕೂ ಅದನ್ನು ಹೆಚ್ಚಿಸುತ್ತದೆ. ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಮೇಲು. ಅವ್ವನ ಮೈಬಣ್ಣಕ್ಕೆ ಹೊಂದುವುದು ಇನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಒಳಗೆ ಕೊರಿಯಾ, ಮೇಲೆ ಇಳಕಲ್ ಸೀರೆಯ ಸೆರಗು.

ಇಬ್ಬರೂ ಸರಿಯಾಗಿ ಹಚ್ಚಿದರೆ 50 ಎಂಎಲ್ ಟ್ಯೂಬು ತಿಂಗಳೂ ಬರುವುದಿಲ್ಲ. ಅದರ ಬೆಲೆ ಅವ್ವನಿಗೆ ಇನ್ನೂ ಹೇಳಿಲ್ಲ.