ಬಾಳೆಸಿಪ್ಪೆಗೂ ಬಂತು ಲೂಪ್

ನಮ್ಮಿಬ್ಬರಲ್ಲಿ ಒಬ್ಬ ಶಿಕಾರಿಪುರದವ, ಇನ್ನೊಬ್ಬ ಸೊರಬದವ. ಊರಿನ ಮಾತು ಬಂದರೆ ಜಗಳ ಗ್ಯಾರಂಟಿ. ಒಬ್ಬನಿಗೆ ತಾಳಗುಂದದ ಶಾಸನ ದೊಡ್ಡದು, ಇನ್ನೊಬ್ಬನಿಗೆ ಸೊರಬದ ಗುಡಿಗಾರರ ಗಂಧದ ಕೆತ್ತನೆ. ಪ್ರಾಜೆಕ್ಟ್ ಮಾತ್ರ ಒಂದೇ: ಫೆರೋಎಲೆಕ್ಟ್ರಿಕ್ ವಸ್ತುಗಳು.

ಹೆಸರಲ್ಲಿ ಫೆರೋ ಇದ್ದರೂ ಕಬ್ಬಿಣ ಇರಲೇಬೇಕು ಅಂತೇನಿಲ್ಲ. ಈ ವಸ್ತುಗಳೊಳಗೆ ಪ್ಲಸ್, ಮೈನಸ್ ಚಾರ್ಜುಗಳು ತಾವಾಗಿಯೇ ಸ್ವಲ್ಪ ಸರಿದು ಒಂದು ದಿಕ್ಕಿಗೆ ನಿಂತಿರುತ್ತವೆ. ವೋಲ್ಟೇಜ್ ಕೊಟ್ಟರೆ ದಿಕ್ಕು ತಿರುಗುತ್ತೆ, ತೆಗೆದ ಮೇಲೂ ಹಾಗೇ ಉಳಿಯುತ್ತೆ. 1920ರಲ್ಲಿ ಜೋಸೆಫ್ ವಾಲಸೆಕ್ ರೋಶೆಲ್ ಉಪ್ಪಿನಲ್ಲಿ ಇದನ್ನು ಕಂಡರು. ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ಊರಿನ ನಮಗೆ, ಕರೆಂಟ್ ಇಲ್ಲದೆಯೂ ನೆನಪಿಟ್ಟುಕೊಳ್ಳೋ ಮೆಮೊರಿ ಅಂದ್ರೆ ಸುಮ್ಮನೆ ಅಲ್ಲ.

ಒಂದೇ ದಿಕ್ಕಿಗೆ ನಿಂತ ಭಾಗವೇ ಡೊಮೇನ್. ಅದು ಕೆಲವೇ ನ್ಯಾನೋಮೀಟರ್ ಇದ್ದರೆ ಬೆಳಕಿನ ಮೈಕ್ರೋಸ್ಕೋಪಿಗೆ ನಿಲುಕದು. ಅದಕ್ಕಿರೋದು ಪೀಜೋರೆಸ್ಪಾನ್ಸ್ ಫೋರ್ಸ್ ಮೈಕ್ರೋಸ್ಕೋಪಿ, ಅಂದರೆ ಪಿಎಫ್‌ಎಂ. ಇದು ನೋಡೋದಿಲ್ಲ, ಮುಟ್ಟುತ್ತೆ. ಬಲು ಚೂಪಾದ ಸೂಜಿ ಮೇಲ್ಮೈಗೆ ತಾಗಿ ಎಸಿ ವೋಲ್ಟೇಜ್ ಕೊಟ್ಟರೆ ವಸ್ತು ಪಿಕೋಮೀಟರ್ ಲೆಕ್ಕದಲ್ಲಿ ಉಬ್ಬಿ ಕುಗ್ಗುತ್ತೆ. ವೋಲ್ಟೇಜಿನ ತಾಳಕ್ಕೆ ಕುಣಿಯಿತೋ, ಎದುರಾಗಿ ಕುಣಿಯಿತೋ ನೋಡಿದರೆ ಡೊಮೇನಿನ ದಿಕ್ಕು ಸಿಗುತ್ತೆ. ಸಾಕಷ್ಟು ಡಿಸಿ ವೋಲ್ಟೇಜ್ ಕೊಟ್ಟರೆ ಅದೇ ಸೂಜಿ ಡೊಮೇನನ್ನು ತಿರುಗಿಸಿ ಬರೆಯುತ್ತೆ ಕೂಡ. ಗುಡಿಗಾರರ ಉಳಿ ಅಂದ ಸೊರಬದವ, ಶಾಸನ ಓದೋ ಬೆರಳು ಅಂದ ಶಿಕಾರಿಪುರದವ. ಈ ಸಲ ಇಬ್ಬರೂ ಗೆದ್ದೆವು.

ವೋಲ್ಟೇಜ್ ಏರಿಸಿ ಇಳಿಸಿದಾಗ ಗ್ರಾಫ್ ಕುಣಿಕೆಯ ಹಾಗೆ ಬರುತ್ತೆ, ಅದೇ ಹಿಸ್ಟರೆಸಿಸ್ ಲೂಪ್. ಲೂಪ್ ಬಂತಾ, ಪ್ರಾಜೆಕ್ಟ್ ಮುಗೀತು ಅನ್ನೋದು ಹಾಸ್ಟೆಲ್ ನಂಬಿಕೆ. ಆದರೆ 2008ರಲ್ಲಿ ಜೆ.ಎಫ್. ಸ್ಕಾಟ್ ಬಾಳೆಹಣ್ಣಿನ ಸಿಪ್ಪೆಗೆ ಎಲೆಕ್ಟ್ರೋಡ್ ಹಚ್ಚಿ, ಅದರಿಂದಲೂ ಚಾರ್ಜ್-ವೋಲ್ಟೇಜ್ ಲೂಪ್ ಬರುತ್ತೆ ಅಂತ ತೋರಿಸಿಬಿಟ್ಟರು. ಸಿಪ್ಪೆ ಫೆರೋಎಲೆಕ್ಟ್ರಿಕ್ ಅಲ್ಲ, ಅದರಲ್ಲಿ ಕರೆಂಟ್ ಸೋರುತ್ತೆ ಅಷ್ಟೆ. ಅಡಿಕೆ ತೋಟದ ನಡುವೆ ಬಾಳೆ ಬೆಳೆಯೋ ಊರಿನ ನಾವು ಮೊದಲು ನಕ್ಕೆವು, ಆಮೇಲೆ ಸುಮ್ಮನಾದೆವು. ಪಿಎಫ್‌ಎಂನಲ್ಲೂ ಇದೇ ಕಾಟ. ಸೂಜಿ ಸುರಿದ ಚಾರ್ಜು, ಅಯಾನುಗಳ ಓಡಾಟ ಎಲ್ಲವೂ ಲೂಪಿನ ವೇಷ ಹಾಕಬಲ್ಲವು.

ಹಾಗಾಗಿ ಅಡ್ಡಪ್ರಶ್ನೆ ಕೇಳಲೇಬೇಕು. ಬರೆದ ಡೊಮೇನ್ ಎಷ್ಟೋ ಹೊತ್ತು ಬಿಟ್ಟು ಓದಿದರೂ ಇದೆಯಾ? ಮಾಮೂಲಿ ಗಾಜಿನ ಮೇಲೂ ಇದೇ ಲೂಪ್ ಬರುತ್ತಾ? ಬಿಸಿ ಮಾಡಿದರೆ? ಬೇರಿಯಂ ಟೈಟನೇಟ್ ಹರಳು ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಗುಣ ಕಳೆದುಕೊಳ್ಳುತ್ತೆ. ಆಗಲೂ ಲೂಪ್ ಹಾಗೇ ಇದ್ದರೆ ಅನುಮಾನ ಪಡಬೇಕು.

ನಮ್ಮದು ಹಾಫ್ನಿಯಂ ಆಕ್ಸೈಡಿನ ತೆಳುಪದರ. ಈ ವಸ್ತುವಿನಲ್ಲಿ ಫೆರೋಎಲೆಕ್ಟ್ರಿಕ್ ಗುಣ ಇದೆಯೆಂಬ ವರದಿ ಬಂದದ್ದೇ 2011ರಲ್ಲಿ, ಅದೂ ತಕ್ಕ ಬೆರಕೆ, ತಕ್ಕ ಹರಳುರೂಪ ಇದ್ದರೆ ಮಾತ್ರ. ನಮಗೆ ಲೂಪೇನೋ ಬಂದಿದೆ. ಅಡ್ಡಪ್ರಶ್ನೆಗಳಿಗೆ ಬೇಕಾದಷ್ಟು ಮೆಷಿನ್ ಟೈಮ್ ಸಿಕ್ಕಿಲ್ಲ, ಸಬ್ಮಿಷನ್ ಮುಂದಿನ ವಾರ. ಅದಕ್ಕೇ ರಿಪೋರ್ಟಿನಲ್ಲಿ 'ಲೂಪ್ ಕಂಡಿತು' ಅಂತ ಬರೆದಿದ್ದೇವೆ, 'ಫೆರೋಎಲೆಕ್ಟ್ರಿಕ್' ಅಂತ ಬರೆದಿಲ್ಲ. ಮಾರ್ಕ್ಸ್ ನಾಲ್ಕು ಕಮ್ಮಿ ಆದರೂ ಆಗಲಿ.

ನಿಮ್ಮ ಪ್ರಾಜೆಕ್ಟಿನಲ್ಲೂ ಚೆಂದದ ಗ್ರಾಫ್ ಬಂದರೆ ಒಂದು ಸಲ ಕೇಳಿ ನೋಡಿ: ಇದು ಬಾಳೆಸಿಪ್ಪೆಗೂ ಬರುತ್ತಾ?