ನೂರು ಅಡಿ ಕಡಲು

ನನ್ನ ಚಿಕ್ಕಪ್ಪನವರು ತೀರಿಕೊಂಡಾಗ ಅವರ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು ಎರಡು ತಗಡಿನ ಪೆಟ್ಟಿಗೆಗಳು. ಗದ್ದೆ ತೋಟಗಳನ್ನು ಹಂಚಿಕೊಂಡ ದಾಯಾದಿಗಳು ಅವುಗಳನ್ನು ತೆರೆದು ನೋಡಿ, ಮತ್ತೆ ಮುಚ್ಚಿ, “ಇವು ನಿನಗೇ ಇರಲಿ” ಎಂದು ಔದಾರ್ಯವನ್ನು ಮೆರೆದರು. ಒಂದು ಪೆಟ್ಟಿಗೆಯಲ್ಲಿ ಬೋಲೆಕ್ಸ್ ಎಚ್-16 ಎಂಬ ಚಲನಚಿತ್ರ ಕ್ಯಾಮೆರಾ, ಇನ್ನೊಂದರಲ್ಲಿ ಒಂದು ಪ್ರೊಜೆಕ್ಟರು. ಯೌವನದಲ್ಲಿ ಮುಂಬಯಿಯಲ್ಲಿ ಸಾಕ್ಷ್ಯಚಿತ್ರ ತೆಗೆಯುವವರೊಬ್ಬರ ಕೈಕೆಳಗೆ ದುಡಿದಿದ್ದ ಚಿಕ್ಕಪ್ಪ, ಹಳೆಯದಾಗಿ ಮಾರಾಟಕ್ಕೆ ಬಂದ ಅವೆರಡನ್ನೂ ಕೊಂಡು ಜೀವಮಾನವಿಡೀ ಒರಸಿ ಇಟ್ಟಿದ್ದರು.

ಸ್ವಿಟ್ಜರ್ಲೆಂಡಿನ ಪೈಯಾರ್ ಎಂಬ ಸಂಸ್ಥೆ ಈ ಬಗೆಯ ಕ್ಯಾಮೆರಾವನ್ನು ಮೊದಲು ಮಾರುಕಟ್ಟೆಗೆ ತಂದದ್ದು 1935ರಲ್ಲಿ. ಇದಕ್ಕೆ ವಿದ್ಯುತ್ತು ಬೇಡ, ಬ್ಯಾಟರಿಯೂ ಬೇಡ. ನಮ್ಮ ಅಜ್ಜಂದಿರು ಗೋಡೆಯ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದಂತೆ ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗಿನ ಉಕ್ಕಿನ ಸುರುಳಿ ಬಿಗಿದುಕೊಳ್ಳುತ್ತದೆ. ಗುಂಡಿಯನ್ನು ಒತ್ತಿದರೆ ಆ ಬಿಗುವು ಸಡಿಲವಾಗುತ್ತಾ ಫಿಲ್ಮನ್ನು ಎಳೆಯುತ್ತದೆ. ಮಾಮೂಲಿನಂತೆ ಸೆಕೆಂಡಿಗೆ 24 ಚಿತ್ರಗಳ ವೇಗದಲ್ಲಿ ಓಡಿಸಿದರೆ ಒಂದು ಕೀಲಿ ಸುಮಾರು 28 ಸೆಕೆಂಡು ಬರುತ್ತದೆ. ಅನಂತರ ಕ್ಯಾಮೆರಾ ನಿಂತುಬಿಡುತ್ತದೆ, ಎದುರಿಗೆ ಇಂದ್ರನ ಐರಾವತವೇ ಬಂದು ನಿಂತಿದ್ದರೂ ಸರಿಯೆ!

ಇಂಥ ಯಂತ್ರಕ್ಕೂ ಕಡಲ ಅಲೆಯ ಮೇಲೆ ಹಲಗೆ ಹತ್ತಿ ಜಾರುವ ಸರ್ಫಿಂಗ್ ಎಂಬ ಆಟಕ್ಕೂ ಹಳೆಯ ನಂಟು ಇದೆ ಎಂಬುದು ನನಗೆ ಬಹುಕಾಲ ತಿಳಿದಿರಲಿಲ್ಲ. ಈ ಆಟದ ತವರು ಹವಾಯಿ ದ್ವೀಪಗಳು. ಆ ಆಟವನ್ನೇ ವಸ್ತುವಾಗಿಸಿಕೊಂಡು ಚಿತ್ರ ತೆಗೆದು, ಊರೂರಿಗೆ ಹೊತ್ತುಕೊಂಡು ಹೋಗಿ ತೋರಿಸುವ ಪದ್ಧತಿಗೆ ನಾಂದಿ ಹಾಡಿದವನು ಬಡ್ ಬ್ರೌನ್ ಎಂಬ ಅಮೆರಿಕದವನು. ಆತ ನನ್ನಂತೆಯೇ ಶಾಲಾ ಉಪಾಧ್ಯಾಯನಾಗಿದ್ದವನು ಎಂದು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. 1953ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದ ಒಂದು ಶಾಲೆಯ ಸಭಾಂಗಣದಲ್ಲಿ ಆತ ತನ್ನ ಮೊದಲ ಚಿತ್ರವನ್ನು ಹಣ ಪಡೆದು ತೋರಿಸಿದ. ಈಜಿನಲ್ಲಿ ಪಳಗಿದ ಅವನು ನೀರು ನುಗ್ಗದ ಕವಚದೊಳಗೆ ಕ್ಯಾಮೆರಾವನ್ನು ಇಟ್ಟು, ಅಲೆಗಳ ನಡುವೆಯೇ ಈಜುತ್ತಾ ಚಿತ್ರ ತೆಗೆಯುತ್ತಿದ್ದ. ಅವನ ದಾರಿಯಲ್ಲಿ ನಡೆದ ಬ್ರೂಸ್ ಬ್ರೌನ್ ಎಂಬವನು ಇಬ್ಬರು ತರುಣರನ್ನು ಕರೆದುಕೊಂಡು, ಒಂದು ಬೋಲೆಕ್ಸ್ ಕ್ಯಾಮೆರಾ ಹಿಡಿದು, ಬೇಸಗೆಯನ್ನು ಬೆನ್ನಟ್ಟುತ್ತಾ ಸೆನೆಗಲ್, ಘಾನಾ, ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ತಾಹಿತಿಗಳ ಕಡಲತೀರಗಳನ್ನು ಸುತ್ತಿದ. ‘ದಿ ಎಂಡ್‌ಲೆಸ್ ಸಮ್ಮರ್’ ಎಂಬ ಅವನ ಚಿತ್ರವನ್ನು ಕಡಲಿನಿಂದ ದೂರವಿರುವ ಜನ ನೋಡಲಾರರೆಂದು ಹಂಚಿಕೆದಾರರು ಕೈಚೆಲ್ಲಿದರು. ಆತ ಛಲ ಬಿಡದೆ, ಕಡಲಿನ ಸುಳಿವೇ ಇಲ್ಲದ ಕಾನ್ಸಸ್ ಪ್ರಾಂತದ ವಿಚಿಟಾ ನಗರದಲ್ಲಿ, ಅದೂ ಕೊರೆಯುವ ಚಳಿಗಾಲದಲ್ಲಿ, ಅದನ್ನು ತೋರಿಸಿದ. ಜನ ಸಾಲುಗಟ್ಟಿ ನಿಂತರು! 1966ರಲ್ಲಿ ಆ ಚಿತ್ರ ದೇಶವಿಡೀ ತೆರೆಕಂಡಿತು. ಜಾರ್ಜ್ ಗ್ರೀನೊ ಎಂಬವನಂತೂ ಕ್ಯಾಮೆರಾವನ್ನು ಬೆನ್ನಿಗೆ ಬಿಗಿದುಕೊಂಡು, ಮಗುಚಿಕೊಳ್ಳುವ ಅಲೆಯ ಗವಿಯೊಳಗೇ ನುಸುಳಿ, ಅಲ್ಲಿಂದ ಹೊರಜಗತ್ತು ಹೇಗೆ ಕಾಣುತ್ತದೆ ಎಂಬುದನ್ನು ತೋರಿಸಿಕೊಟ್ಟ. ಹಲಗೆಗೆ ಗಾಲಿ ಕಟ್ಟಿ ರಸ್ತೆಯಲ್ಲಿ ಜಾರುವ ಸ್ಕೇಟ್‌ಬೋರ್ಡಿಂಗ್ ಆಟದ ಮೇಲೆ 1965ರಲ್ಲಿ ತಯಾರಾದ ‘ಸ್ಕೇಟರ್‌ಡೇಟರ್’ ಎಂಬ ಮಾತಿಲ್ಲದ ಕಿರುಚಿತ್ರ, ಮರುವರ್ಷ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗಳಿಸಿತು.

ಇವೆಲ್ಲ ದೂರದ ಕಥೆಗಳು. ಆದರೆ ದೂರದ್ದು ಹತ್ತಿರಕ್ಕೆ ಬರಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಸುವ ಒಂದು ಕೂಟ ಹುಟ್ಟಿಕೊಂಡಿತು. ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಕಡಲನ್ನು ಸೇರುವ ಅಳಿವೆಯ ಬಳಿ ಸಸಿಹಿತ್ಲು ಎಂಬ ಊರಿದೆ. 2016ರಲ್ಲಿ ಆ ತೀರದಲ್ಲಿ ದೇಶದ ಸರ್ಫಿಂಗ್ ಪಟುಗಳ ಸ್ಪರ್ಧೆಯೇ ನಡೆಯಿತು. ನಾನು ಹೇಳಹೊರಟಿರುವುದು ಅದಕ್ಕೆ ಒಂದು ವರ್ಷ ಹಿಂದಿನ ಮಾತು. ಆಗ ನಾನು ಆ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆ.

ನನ್ನ ಒಂಬತ್ತನೆಯ ತರಗತಿಯಲ್ಲಿ ಮೀನುಗಾರರ ಮನೆಯ ಹುಡುಗನೊಬ್ಬನಿದ್ದ. ಪಾಠದಲ್ಲಿ ಮಂದ, ನೀರಿನಲ್ಲಿ ಮೀನು. ಯಾರೋ ಕೊಟ್ಟ ಹಳೆಯ ಹಲಗೆಯೊಂದನ್ನು ಸಂಪಾದಿಸಿ ಅಲೆಯಾಟದಲ್ಲಿ ತೊಡಗಿದ್ದ. ಅವನ ತಾಯಿಗೆ ಇದು ಸುತರಾಂ ಹಿಡಿಸಲಿಲ್ಲ. ಹೊಟ್ಟೆಪಾಡಿಗಾಗಿ ಕಡಲಿಗೆ ಇಳಿಯುವವರನ್ನು ದಿನವೂ ದೇವರಿಗೆ ಒಪ್ಪಿಸಿ ಕಳುಹಿಸುವ ಮನೆಯಲ್ಲಿ, ಆಟಕ್ಕಾಗಿ ಕಡಲಿಗೆ ಇಳಿಯುವುದೆಂದರೇನು? ಈ ವ್ಯಾಜ್ಯ ಮನೆಯ ಹಿರಿಯರಾದ ಅಜ್ಜನ ಮುಂದೆ ಹೋಯಿತು. ಪ್ರಾಯದಲ್ಲಿ ರಂಪಣಿ ಬಲೆ ಎಳೆದ, ಕಡಲಿನ ಮರ್ಜಿಯನ್ನೆಲ್ಲ ಬಲ್ಲ ಮುದುಕರು ಅವರು. ಆದರೆ ಎರಡು ವರ್ಷಗಳಿಂದ ಮಂಡಿನೋವು ಅವರನ್ನು ಜಗಲಿಗೆ ಕಟ್ಟಿಹಾಕಿತ್ತು. ಕಡಲಿನ ಮೊರೆತ ಹಗಲಿರುಳೂ ಕೇಳಿಸುತ್ತಿತ್ತು. ಕಡಲು ಮಾತ್ರ ಕಾಣುತ್ತಿರಲಿಲ್ಲ.

ಹುಡುಗನ ಗೆಳೆಯರು ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಅಜ್ಜನಿಗೆ ತೋರಿಸಿದ್ದರು. ಅಂಗೈಯಗಲದ ಗಾಜಿನಲ್ಲಿ ಅಕ್ಕಿಕಾಳಿನಷ್ಟು ಕಂಡ ಆಕಾರವನ್ನು ನೋಡಿ ಅಜ್ಜ, “ಇದು ನನ್ನ ಮೊಮ್ಮಗನೋ, ನೀರಿನ ಮೇಲೆ ಕೂತ ಕಾಗೆಯೋ?” ಎಂದರಂತೆ. ನಾನು ಅವರ ಮನೆಗೆ ಹೋದಾಗ ಅವರು ತಮ್ಮ ತೀರ್ಪನ್ನು ಹೇಳಿದರು: “ಮಾಷ್ಟ್ರೇ, ಅಲೆಯನ್ನು ದಾಟಿ ಹೋಗುವುದು ಉಂಟು, ದಾಟಿ ಬರುವುದು ಉಂಟು. ಅಲೆಯ ಮೇಲೆ ನಿಲ್ಲುವುದನ್ನು ನಾನು ಕಂಡದ್ದಿಲ್ಲ. ಕಾಣದೆ ಹೂಂ ಅನ್ನಲಿಕ್ಕೂ ಆಗುವುದಿಲ್ಲ, ಬೇಡ ಅನ್ನಲಿಕ್ಕೂ ಆಗುವುದಿಲ್ಲ.”

ನನಗೆ ಥಟ್ಟನೆ ತಗಡಿನ ಪೆಟ್ಟಿಗೆಗಳ ನೆನಪಾಯಿತು. “ಅಜ್ಜ, ನಾನು ತೋರಿಸುತ್ತೇನೆ” ಎಂದುಬಿಟ್ಟೆ. “ಹಾಗಾದರೆ ಅದನ್ನು ನೋಡುವವರೆಗೆ ಅವನು ಅಲೆಗೆ ಹೋಗುವುದು ಬೇಡ” ಎಂದರು ಅಜ್ಜ. ಚಿತ್ರ ತೆಗೆಯಲು ಒಂದು ದಿನದ ಅಪ್ಪಣೆ ಮಾತ್ರ ಸಿಕ್ಕಿತು.

ಆಡಿದ ಮಾತಿನ ಭಾರ ತಿಳಿದದ್ದು ಆಮೇಲೆ. ವಿದೇಶದಲ್ಲಿರುವ ಮಿತ್ರರೊಬ್ಬರಿಂದ ಕಪ್ಪು-ಬಿಳುಪು ಫಿಲ್ಮಿನ ಒಂದೇ ಒಂದು ಸುರುಳಿಯನ್ನು ತರಿಸಿದೆ. ಹೆಚ್ಚು ತರಿಸಲು ನನ್ನ ಸಂಬಳ ಒಪ್ಪಲಿಲ್ಲ. ಅದರ ಉದ್ದ ನೂರು ಅಡಿ. ಒಂದು ಅಡಿಗೆ ನಲವತ್ತು ಚಿತ್ರಗಳಂತೆ ಒಟ್ಟು ನಾಲ್ಕು ಸಾವಿರ ಚಿತ್ರಗಳು. ಮಾಮೂಲು ವೇಗದಲ್ಲಿ ಓಡಿಸಿದರೆ ಅದು ಮೂರು ನಿಮಿಷವೂ ಬಾರದು. ಆದರೆ ಅಲೆಯಾಟದ ಚಲನೆ ಕಣ್ಣಿಗೆ ನಿಲ್ಲಬೇಕಾದರೆ ಸೆಕೆಂಡಿಗೆ 64 ಚಿತ್ರಗಳಂತೆ ತೆಗೆದು, 24ರಂತೆ ತೋರಿಸಬೇಕು. ಆಗ ಎಲ್ಲವೂ ಎರಡೂವರೆ ಪಟ್ಟಿಗಿಂತ ಹೆಚ್ಚು ನಿಧಾನವಾಗಿ ಕಾಣುತ್ತದೆ. ಆ ವೇಗದಲ್ಲಿ ಒಂದು ಕೀಲಿ ಉಳಿಯುವುದು ಸುಮಾರು ಹತ್ತೇ ಸೆಕೆಂಡು. ಇಡೀ ಸುರುಳಿಗೆ ಆರು ಕೀಲಿ. ಆರು ಸಲ ಬಾಣ ಬಿಡಬಹುದಾದ ಬೇಟೆಗಾರನ ಸ್ಥಿತಿ ನನ್ನದಾಯಿತು.

ನವೆಂಬರ್ ತಿಂಗಳ ಒಂದು ಭಾನುವಾರ ಬೆಳಗ್ಗೆ ಅಳಿವೆಯ ಬಳಿ ಮುಕ್ಕಾಲಿಯನ್ನು ನಿಲ್ಲಿಸಿದೆ. ನಮ್ಮ ಪಶ್ಚಿಮದ ಕಡಲಿಗೆ ಬೆಳಗಿನ ಹೊತ್ತೇ ಪ್ರಶಸ್ತ. ಸೂರ್ಯ ಬೆನ್ನ ಹಿಂದಿರುವುದರಿಂದ ಅಲೆಯ ಮುಖದ ಮೇಲೆ ನೇರವಾಗಿ ಬೆಳಕು ಬೀಳುತ್ತದೆ. ನೆಲದಿಂದ ಕಡಲಿಗೆ ಬೀಸುವ ಗಾಳಿ ಅಲೆಯ ನೆತ್ತಿಯನ್ನು ತಡೆದು ಹಿಡಿದು ಅದಕ್ಕೆ ಒಂದು ಅಚ್ಚುಕಟ್ಟನ್ನು ಕೊಡುತ್ತದೆ. ದೂರದ್ದನ್ನು ಹತ್ತಿರಕ್ಕೆ ತರುವ ಉದ್ದನೆಯ ಮಸೂರವನ್ನು ತಿರುಗಿಸಿಟ್ಟು, ಬೆಳಕನ್ನು ಅಳೆದು, ಕೀಲಿ ಕೊಟ್ಟು, ಹುಡುಗ ಮೊದಲ ಅಲೆಯನ್ನು ಏರುತ್ತಲೇ ಗುಂಡಿ ಒತ್ತಿದೆ. ಕ್ಯಾಮೆರಾ ಜೀರುಂಡೆಯಂತೆ ಮೊರೆದು ನಿಂತಿತು. ಹೆಮ್ಮೆಯಿಂದ ತಲೆಯೆತ್ತಿ ನೋಡುತ್ತೇನೆ, ಮಸೂರದ ಮುಚ್ಚಳ ಮುಚ್ಚಿದಂತೆಯೇ ಇದೆ! ಈ ಹಳೆಯ ಮಾದರಿಯಲ್ಲಿ ನಾವು ನೋಡುವ ಕಿಂಡಿ ಬೇರೆ, ಫಿಲ್ಮಿಗೆ ಬೆಳಕು ಹೋಗುವ ಮಸೂರ ಬೇರೆ. ನನ್ನ ಕಣ್ಣು ಅಲೆಯನ್ನು ಕಂಡಿತ್ತು. ಕ್ಯಾಮೆರಾದ ಕಣ್ಣು ಕಂಡದ್ದು ಬರಿಯ ಕತ್ತಲೆಯನ್ನು. ಒಂದು ಬಾಣ ಹೋಯಿತು.

ಎರಡನೆಯ ಕೀಲಿಯನ್ನು ಮಾಮೂಲು ವೇಗದಲ್ಲಿ ಕಡಲು, ದೋಣಿ, ಹಲಗೆ ಹೊತ್ತು ನಡೆಯುವ ಹುಡುಗ, ಇವುಗಳಿಗೆ ಮೀಸಲಿಟ್ಟೆ. ಮೂರನೆಯ ಸಲ ಹುಡುಗ ಬಿದ್ದ. ನಾಲ್ಕನೆಯ ಸಲ ಅಲೆಯೇ ಬಾಡಿಹೋಯಿತು. ಐದನೆಯದು ಚಿಕ್ಕದಾದರೂ ಚೊಕ್ಕಟವಾಗಿ ಬಂತು. ಉಳಿದದ್ದು ಒಂದೇ ಕೀಲಿ. ಬಹಳ ಹೊತ್ತು ಕಾದೆವು. ಕೊನೆಗೆ ದೂರದಲ್ಲಿ ಕಪ್ಪಗಿನ ಗೆರೆಯೊಂದು ಎದ್ದಿತು. ಹುಡುಗ ಹಲಗೆಯ ಮೇಲೆ ಬೋರಲಾಗಿ ಮಲಗಿ ಎರಡು ಕೈಗಳಿಂದಲೂ ನೀರನ್ನು ಬಗೆಯತೊಡಗಿದ. ಮೊದಲೊಮ್ಮೆ ಹೊತ್ತು ಮೀರಿಸಿಕೊಂಡವನಿಗಿರುವ ಆತುರ ನನ್ನಲ್ಲಿತ್ತು. ಅವನು ಎದ್ದು ನಿಲ್ಲುವ ಮೊದಲೇ ಗುಂಡಿ ಒತ್ತಿದೆ. ಅವನು ಎದ್ದ, ಇಳಿದ, ಬಾಗಿದ. ಆ ದಿನದ ಅತ್ಯಂತ ಸೊಗಸಾದ ತಿರುವಿಗೆ ಅವನು ಭುಜವನ್ನು ವಾಲಿಸಿದ ಕ್ಷಣದಲ್ಲಿ ಕ್ಯಾಮೆರಾ ನಿಂತಿತು. ಮುಂದಿನದನ್ನು ನಾನು ಬರಿಗಣ್ಣಿನಿಂದ ನೋಡಿದೆ. ಅದನ್ನು ಕಂಡವನು ನಾನೊಬ್ಬನೇ.

ಸುರುಳಿಯನ್ನು ತೊಳೆಯಲು ಹೊರದೇಶಕ್ಕೆ ಕಳುಹಿಸಬೇಕಾಯಿತು. ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ದಿನವೂ ಹುಡುಗ ಮಾತಿಗೆ ತಪ್ಪಲಿಲ್ಲ. ದಿನವೂ ಬೆಳಗ್ಗೆ ಶಾಲೆಯ ಬಾಗಿಲಲ್ಲಿ ನಿಂತು, “ಬಂತಾ ಸಾರ್?” ಎಂದು ಕೇಳುವನು. ಇಲ್ಲವೆಂದು ತಲೆಯಾಡಿಸಿದರೆ ಸುಮ್ಮನೆ ಒಳಗೆ ಹೋಗುವನು. ಅವನ ಆ ಮೌನವನ್ನು ಎದುರಿಸುವುದು ನನಗೆ ಕಠಿಣವಾಗಿತ್ತು.

ಅಂತೂ ಒಂದು ರಾತ್ರಿ ಅವರ ಮನೆಯ ಸುಣ್ಣದ ಗೋಡೆಯೇ ನಮ್ಮ ಬೆಳ್ಳಿತೆರೆಯಾಯಿತು. ಅಜ್ಜ, ತಾಯಿ, ನೆರೆಹೊರೆಯವರು ಚಾಪೆಯ ಮೇಲೆ ಕುಳಿತರು. ಪ್ರೊಜೆಕ್ಟರು ತಿರುಗಿತು. ಗೋಡೆ ಅರ್ಧ ನಿಮಿಷದಷ್ಟು ಕಾಲ ಕಪ್ಪಾಗಿಯೇ ಇತ್ತು. “ಇದು ಅಮಾವಾಸ್ಯೆಯ ಅಲೆಯೋ ಮಾಷ್ಟ್ರೇ?” ಎಂದರು ಅಜ್ಜ. ಎಲ್ಲರೂ ನಕ್ಕರು. ಆ ನಗೆಯ ನಡುವೆಯೇ ಗೋಡೆಯ ತುಂಬ ಕಡಲು ಮೂಡಿತು.

ನಗು ಹಾಗೆಯೇ ನಿಂತುಹೋಯಿತು. ಅಜ್ಜ ಮುಂದಕ್ಕೆ ಬಾಗಿದರು. ಎರಡು ವರ್ಷಗಳ ಮೇಲೆ ಅವರು ತಮ್ಮ ಕಡಲನ್ನು ನೋಡುತ್ತಿದ್ದರು. ಅಲೆಗಳು ನಿಧಾನವಾಗಿ ಎದ್ದು, ನಿಧಾನವಾಗಿ ಒಡೆದು, ಒಂದೊಂದು ಹನಿಯೂ ಬೇರೆಬೇರೆಯಾಗಿ ಹಾರಿದವು. ಮೊಮ್ಮಗ ಬಿದ್ದಾಗ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೊನೆಯ ಅಲೆ ಬಂತು. ಹುಡುಗ ಎದ್ದ, ಇಳಿದ, ಬಾಗಿದ. ಗೋಡೆ ಬೆಳ್ಳಗಾಯಿತು.

“ಮತ್ತೆ?” ಎಂದರು ಅಜ್ಜ.

ನಾನು ತಲೆ ತಗ್ಗಿಸಿದೆ. ಆಗ ಮೂಲೆಯಲ್ಲಿದ್ದ ಹುಡುಗ ಎದ್ದು ಬಂದು, ಪ್ರೊಜೆಕ್ಟರಿನ ಬೆಳಕಿನಲ್ಲಿ, ಚಾಪೆಯ ಮೇಲೆ ಮಂಡಿ ಬಾಗಿಸಿ ನಿಂತು, “ಮತ್ತೆ ಹೀಗೆ ಅಜ್ಜ” ಎಂದು ಭುಜವನ್ನು ವಾಲಿಸಿ, ಸೊಂಟವನ್ನು ತಿರುಗಿಸಿ ಉಳಿದ ಅಲೆಯನ್ನು ಪೂರೈಸಿದ. ಅವನ ನೆರಳು ಗೋಡೆಯ ಮೇಲೆ ಆಳೆತ್ತರಕ್ಕೆ ಬೆಳೆದು ಜಾರಿತು. ನಾನು ತೀರದಲ್ಲಿ ಕಂಡದ್ದೂ ಅದನ್ನೇ.

ಅಜ್ಜ ನಗಲಿಲ್ಲ. “ಕೊನೆಯದನ್ನು ಇನ್ನೊಮ್ಮೆ ಹಾಕಿ” ಎಂದರು. ನಾನು ಫಿಲ್ಮನ್ನು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟೆ. ಅವರು ಊರುಗೋಲನ್ನು ಗೋಡೆಯತ್ತ ಚಾಚಿದರು. “ಇಲ್ಲಿ ನೋಡು ಮಗಾ. ಎರಡೂ ಬದಿಯಲ್ಲಿ ಬಿಳಿನೊರೆ ಉಂಟು, ನಡುವೆ ಈ ಜಾಗದಲ್ಲಿ ಅಲೆ ಒಡೆಯುವುದಿಲ್ಲ. ನೊರೆ ದಡಕ್ಕೆ ಬರುವುದಿಲ್ಲ, ಹೊರಗೆ ಹೋಗುತ್ತದೆ. ನೀನು ಅಲ್ಲಿಯೇ ಹಲಗೆ ಇಳಿಸಿದ್ದು.”

“ಅಲ್ಲಿ ನೀರು ಶಾಂತ ಉಂಟು ಅಜ್ಜ. ಸುಲಭದಲ್ಲಿ ಒಳಗೆ ಹೋಗಬಹುದು” ಎಂದ ಹುಡುಗ.

“ಶಾಂತ ಅಲ್ಲ, ಅದು ಸೆಳೆತ. ದಡಕ್ಕೆ ಬಂದ ನೀರೆಲ್ಲ ಹಿಂದೆ ಹೋಗುವ ದಾರಿ ಅದು. ಹೋಗುವುದು ಸುಲಭ, ಸರಿ. ಬರುವುದು ಹೇಗೆ?”

ತೀರದಲ್ಲಿ ಗಂಟೆಗಟ್ಟಲೆ ನಿಂತಿದ್ದ ನಾನು ಅದನ್ನು ಕಂಡಿರಲಿಲ್ಲ. ನೀರಿನೊಳಗಿದ್ದ ಹುಡುಗನೂ ಕಂಡಿರಲಿಲ್ಲ. ನಿಧಾನಗೊಂಡ ನಾಲ್ಕಾರು ಅಡಿ ಫಿಲ್ಮಿನಲ್ಲಿ, ಹೊರಮುಖವಾಗಿ ತೇಲಿ ಹೋಗುವ ಆ ನೊರೆಯನ್ನು ಮೂಲೆಯಲ್ಲಿ ಕುಳಿತ ಮುದುಕರು ಕಂಡಿದ್ದರು. ಸಿಕ್ಕಿಬಿದ್ದರೆ ಎದುರು ಈಜದೆ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬರಬೇಕೆಂಬುದನ್ನು ಅವರು ಆ ರಾತ್ರಿ ಅವನಿಗೆ ಎರಡೆರಡು ಸಲ ಹೇಳಿಸಿ ಒಪ್ಪಿಸಿಕೊಂಡರು. ಆಮೇಲೆ ಸೊಸೆಯ ಕಡೆಗೆ ತಿರುಗಿ, “ಹೋಗಲಿ ಅವನು. ನಿಲ್ಲಲಿಕ್ಕೆ ಬರುತ್ತದೆ ಅವನಿಗೆ. ಎಲ್ಲಿ ನಿಲ್ಲಬೇಕೆಂದು ನಾನು ಹೇಳುತ್ತೇನೆ” ಎಂದರು.

ಆ ಸುರುಳಿ ಈಗಲೂ ನನ್ನ ಬಳಿ ಇದೆ. ಅದರ ಮೊದಲಲ್ಲಿ ಕತ್ತಲೆಯಿದೆ. ಕೊನೆಯ ತಿರುವು ಅರ್ಧದಲ್ಲಿಯೇ ನಿಂತಿದೆ. ಹುಡುಗ ಇಂದು ತರುಣನಾಗಿ, ರಜೆಯಲ್ಲಿ ಊರಿನ ಚಿಕ್ಕ ಮಕ್ಕಳಿಗೆ ಅಲೆಯಾಟ ಕಲಿಸುತ್ತಾನೆ. ಒಮ್ಮೆ ನೋಡಲು ಹೋಗಿದ್ದೆ. ಮಕ್ಕಳು ಹಲಗೆಗಳನ್ನು ಹಿಡಿದು ನೀರಿಗೆ ನುಗ್ಗಲು ತವಕಿಸುತ್ತಿದ್ದರು. ಅವನು ಅವರನ್ನೆಲ್ಲ ಮರಳಿನ ಮೇಲೆ ಕೂರಿಸಿ, ಹತ್ತು ನಿಮಿಷ ಸುಮ್ಮನೆ ಕಡಲನ್ನು ನೋಡಲು ಹೇಳಿದ. ಅನಂತರ ಕೇಳಿದ: “ಎಲ್ಲಿ ಅಲೆ ಒಡೆಯುವುದಿಲ್ಲ, ಹೇಳಿ ನೋಡುವ?”