ತಲೆ ಬಾಗೋದು ಅಷ್ಟು ಸುಲಭ ಅಲ್ಲ

ಬೀದರ್‌ನ ನಾನಕ್ ಝೀರಾ ಸಾಹಿಬ್‌ಗೆ ಅಮ್ಮನ ಜೊತೆ ಹೋಗಿದ್ದೆ. ಮಂಡಿನೋವು ಅಂತ ಅವರು ದಾರಿಯುದ್ದಕ್ಕೂ ಕಾರು ನಿಲ್ಲಿಸಿಸಿದ್ದಕ್ಕೆ ರೇಗಿಬಿಟ್ಟಿದ್ದೆ. ಇಬ್ಬರೂ ಮಾತು ಬಿಟ್ಟೇ ಒಳಗೆ ಹೋದ್ವಿ.

ಕಾಲು ತೊಳೆದು, ತಲೆಗೆ ಬಟ್ಟೆ ಕಟ್ಟಿ, ಗುರು ಗ್ರಂಥ ಸಾಹಿಬ್ ಮುಂದೆ ದಬಕ್ಕನೆ ಬಗ್ಗಿದೆ. ಕುತ್ತಿಗೆ ಹಿಡ್ಕೊಳ್ತು. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಬಾಗೋ ಕುತ್ತಿಗೆ ಅದು!

ಪಕ್ಕದಲ್ಲಿದ್ದ ಹಿರಿಯ ಸಿಖ್ ಮಹಿಳೆ, "ಆರಾಮಾಗಿ ಬೇಟಾ" ಅಂತ ನಕ್ಕು, ಮತ್ಥಾ ಟೇಕೋದನ್ನ ಮಾಡಿ ತೋರಿಸಿದರು. ಮೊದಲು ಮಂಡಿಯೂರಿ ಹಿಮ್ಮಡಿ ಮೇಲೆ ಕೂರಬೇಕು. ಅಂಗೈ ನೆಲಕ್ಕೂರಿ, ಉಸಿರು ಬಿಡುತ್ತಾ ಸೊಂಟದಿಂದ ಬಾಗಬೇಕು. ಭಾರ ಕೈಗಳ ಮೇಲಿರಲಿ, ಹಣೆ ನೆಲವನ್ನ ಸುಮ್ಮನೆ ಮುಟ್ಟಲಿ. ಉಸಿರು ಎಳೆದುಕೊಳ್ತಾ ಮೇಲೇಳಬೇಕು, ತಲೆ ಕೊನೆಗೆ.

ಸಿಖ್ಖರು ಬಾಗೋದು ಮೂರ್ತಿಗಲ್ಲ. 1708ರಿಂದ ಗ್ರಂಥವೇ ಅವರ ಗುರು. ನನ್ನ ಅಹಂಕಾರ ಇಲ್ಲೇ ಬಿಟ್ಟೆ, ಇನ್ನು ಕೇಳಿಸಿಕೊಳ್ತೀನಿ ಅನ್ನೋದೇ ಅದರ ಅರ್ಥ.

ಮತ್ತೆ ಬಾಗಿದೆ, ಈ ಸಲ ನಿಧಾನವಾಗಿ. ಪಕ್ಕಕ್ಕೆ ನೋಡಿದರೆ ಅಮ್ಮ ಮಂಡಿ ಮಡಚಲಾಗದೆ ನಿಂತಲ್ಲೇ ಕೈಮುಗಿದಿದ್ದರು. "ಅಷ್ಟೇ ಸಾಕು" ಅಂತ ಆಕೆ ಅಮ್ಮನ ಬೆನ್ನು ಸವರಿದರು.

ಹೊರಗೆ ಬಂದು ಅಮ್ಮನ ಚಪ್ಪಲಿ ತಂದು ಕಾಲ ಬಳಿ ಇಟ್ಟೆ. "ತಪ್ಪಾಯ್ತಮ್ಮ" ಅಂದೆ.

ಈಗ ದಿನಾ ಬೆಳಗ್ಗೆ ಐದು ನಿಮಿಷ ಜಾಪ್ ಸಾಹಿಬ್ ಹಾಕ್ಕೊಂಡು ಹಾಗೇ ಬಾಗ್ತೀನಿ. ಅದರಲ್ಲಿ ನಮಸ್ಕಾರದ ಪದ ಮತ್ತೆ ಮತ್ತೆ ಬರುತ್ತೆ. ಕುತ್ತಿಗೆ ನೋಯಲ್ಲ. ಆಮೇಲೆ ಅಮ್ಮನಿಗೆ ಫೋನ್ ಮಾಡ್ತೀನಿ.